ಗೊಜಿರಾನಿಗಿಂತ ಮೊದಲು ಒಂದು ಬೋಟು

ನನ್ನ ಮಗನ ಹಾಸಿಗೆಯ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಹನ್ನೊಂದು ಗೊಜಿರಾಗಳು ಸಾಲಾಗಿ ನಿಂತಿವೆ. ಹೊರಗಿನವರು ಗಾಡ್ಜಿಲ್ಲಾ ಎನ್ನುವ ಪ್ರಾಣಿಗೆ ಜಪಾನಿನಲ್ಲಿ ಗೊಜಿರಾ ಎಂದೇ ಹೆಸರು. ಗೊರಿಲ್ಲಾದ ‘ಗೊ’ ಮತ್ತು ತಿಮಿಂಗಿಲಕ್ಕೆ ಇಲ್ಲಿ ಹೇಳುವ ‘ಕುಜಿರಾ’ದ ‘ಜಿರಾ’ ಕೂಡಿ ಆದ ಹೆಸರು ಅದು. ಒಂದೊಂದು ಗೊಂಬೆ ಒಂದೊಂದು ವರ್ಷದ ಸಿನಿಮಾದ್ದು. ಒಂಬತ್ತು ವರ್ಷದ ಹುಡುಗ ಕಣ್ಣು ಮುಚ್ಚಿಕೊಂಡು ಬೆನ್ನ ಮೇಲಿನ ಮುಳ್ಳುಗಳನ್ನು ಸವರಿಯೇ, ಇದು 1964ರದ್ದು, ಇದು 1984ರದ್ದು ಎಂದು ಹೇಳಿಬಿಡುತ್ತಾನೆ.

2023ರ ನವೆಂಬರ್ 3, ಶುಕ್ರವಾರ. ಜಪಾನಿನಲ್ಲಿ ಅಂದು ಸಂಸ್ಕೃತಿ ದಿನದ ರಜೆ. 1954ರಲ್ಲಿ ಮೊದಲ ‘ಗೊಜಿರಾ’ ತೆರೆಕಂಡದ್ದು ಇದೇ ದಿನಾಂಕದಂದು. ಹೊಸ ಸಿನಿಮಾ ‘ಗೊಜಿರಾ ಮೈನಸ್ ಒನ್’ ಕೂಡ ಅಂದೇ ಬಿಡುಗಡೆಯಾಗುತ್ತಿತ್ತು. ಸಂಜೆಯ ಆಟಕ್ಕೆ ಟಿಕೆಟ್ ತೆಗೆದಿಟ್ಟಿದ್ದೆ. ಆದರೆ ಹಿಂದಿನ ರಾತ್ರಿ ಮಗ ಒಂದು ಷರತ್ತು ಹಾಕಿದ: “ಮೊದಲನೆಯದನ್ನು ನೋಡದೆ ಹೊಸದಕ್ಕೆ ಬರಬಾರದು ಅಮ್ಮ.”

ನಾನು ಅಂಕೋಲೆಯವಳು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಟಿ.ವಿ.ಯಲ್ಲಿ ಹಿಂದಿಗೆ ಡಬ್ ಆದ 1998ರ ಅಮೆರಿಕದ ಗಾಡ್ಜಿಲ್ಲಾ ನೋಡಿದ್ದೆ. ಮಳೆ ಸುರಿಯುವ ನ್ಯೂಯಾರ್ಕಿನಲ್ಲಿ ಒಂದು ದೈತ್ಯ ಹಲ್ಲಿ ಓಡಾಡುತ್ತದೆ ಎಂಬುದಷ್ಟೇ ನೆನಪಿತ್ತು. ಮದುವೆಯಾಗಿ, ಕೆಲಸ ಹಿಡಿದು ಟೋಕಿಯೋದ ನಿಶಿ-ಕಸಾಯಿಗೆ ಬಂದು ಹನ್ನೆರಡು ವರ್ಷವಾದರೂ ಈ ಗೊಂಬೆಗಳ ಮೂಲ ಯಾವುದೆಂದು ತಿಳಿಯುವ ಗೋಜಿಗೆ ನಾನು ಹೋಗಿರಲಿಲ್ಲ.

ಆ ರಾತ್ರಿಯೇ ಮನೆಯಲ್ಲಿ 1954ರದ್ದನ್ನು ನೋಡಲು ಕುಳಿತೆವು. ಕಪ್ಪು-ಬಿಳುಪಿನ ಆ ಚಿತ್ರ ಶುರುವಾಗುವುದು ಸಮುದ್ರದಲ್ಲಿ. ಹಡಗಿನ ಅಟ್ಟದ ಮೇಲೆ ಕುಳಿತ ನಾವಿಕರು ಗಿಟಾರು, ಹಾರ್ಮೋನಿಕಾ ನುಡಿಸುತ್ತಿರುತ್ತಾರೆ. ಇದ್ದಕ್ಕಿದ್ದಂತೆ ನೀರಿನೊಳಗಿಂದ ಬೆಳಕು ಉಕ್ಕುತ್ತದೆ, ಹಡಗು ಹೊತ್ತಿ ಉರಿಯುತ್ತದೆ. ಪ್ರಾಣಿ ಇನ್ನೂ ಕಂಡಿಲ್ಲ. ಮುಂದಿನ ದೃಶ್ಯದಲ್ಲಿ ಹಡಗಿನ ಕಂಪನಿಯ ಕಚೇರಿಯೊಳಗೆ ನಾವಿಕರ ಮನೆಯವರು ನುಗ್ಗಿ, ನಮ್ಮವರು ಎಲ್ಲಿ ಎಂದು ಕೇಳುತ್ತಿದ್ದಾರೆ. ಅಲ್ಲಿಗೆ ಬಂದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಪ್ಪ ಕಾರವಾರದ ಬೈತಖೋಲ ಬಂದರಿನಿಂದ ಬೋಟಿನಲ್ಲಿ ಹೋಗುತ್ತಿದ್ದವರು. ಗಾಳಿ ಎದ್ದ ರಾತ್ರಿಗಳಲ್ಲಿ ಆಯಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬೋಟಿನ ಮಾಲೀಕರ ಮನೆಯ ಅಂಗಳದಲ್ಲಿ ನಿಂತಿದ್ದುಂಟು. ಅಲ್ಲಿ ಸೇರಿದ ಹೆಂಗಸರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದರು, ಯಾರೂ ಅಳುತ್ತಿರಲಿಲ್ಲ. ಗೊಜಿರಾ ಸಿನಿಮಾದಲ್ಲಿ ಅದೇ ಮುಖಗಳು ಇರುತ್ತವೆಂದು ನಾನು ಎಣಿಸಿರಲಿಲ್ಲ.

ಇನ್ನೂ ಸ್ವಲ್ಪ ಹೊತ್ತಿಗೆ ಒಂದು ರೈಲಿನ ದೃಶ್ಯ ಬರುತ್ತದೆ. ಕೆಲಸಕ್ಕೆ ಹೋಗುವ ಯುವತಿಯೊಬ್ಬಳು ಪಕ್ಕದವರೊಂದಿಗೆ ಬೇಸರದಿಂದ ಮಾತನಾಡುತ್ತಾಳೆ. ಪರಮಾಣು ಟ್ಯೂನಾ ಆಯಿತು, ವಿಕಿರಣದ ಮಳೆ ಆಯಿತು, ಈಗ ಗೊಜಿರಾ ಬೇರೆ. ನಾಗಾಸಾಕಿಯ ಬಾಂಬಿನಿಂದ ಹೇಗೋ ಉಳಿಸಿಕೊಂಡು ಬಂದ ಜೀವ ಇದು, ಎಂಬ ಅರ್ಥದ ಮಾತು. ಮಗ ಸಿನಿಮಾ ನಿಲ್ಲಿಸಿದ.

“ಪರಮಾಣು ಟ್ಯೂನಾ ಎಂದರೇನಮ್ಮ?”

ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು: ಆ ಟ್ಯೂನಾ ಮೀನು ಹಿಡಿದ ಬೋಟು ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ಹಾದಿಯಲ್ಲೇ ಇದೆ.

ಹಾಗಾಗಿ ಬೆಳಿಗ್ಗೆ ಬಸ್ಸು ಹಿಡಿದು ಕಸಾಯಿ-ರಿಂಕಾಯ್ ಉದ್ಯಾನದ ನಿಲ್ದಾಣಕ್ಕೆ ಹೋದೆವು. ಅಲ್ಲಿಂದ ಕೆಯೋ ಮಾರ್ಗದ ರೈಲಿನಲ್ಲಿ ಅರಾಕಾವಾ ನದಿಯ ಅಳಿವೆ ದಾಟಿದರೆ ಮುಂದಿನದೇ ಶಿನ್-ಕಿಬಾ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಯುಮೆನೊಶಿಮಾ, ಅಂದರೆ ಕನಸಿನ ದ್ವೀಪ. ಹೆಸರು ಹಾಗಿದ್ದರೂ ಒಂದು ಕಾಲಕ್ಕೆ ಟೋಕಿಯೋದ ಕಸವನ್ನೆಲ್ಲ ಸುರಿದು ಸಮುದ್ರವನ್ನು ತುಂಬಿಸಿದ ಜಾಗ. ಈಗ ಅಲ್ಲಿ ನೀಲಗಿರಿ ಮರಗಳು ಎತ್ತರಕ್ಕೆ ಬೆಳೆದಿವೆ. ಎಲೆ ಹೊಸಕಿ ಮೂಸಿ ನೋಡಿದರೆ ನಮ್ಮ ಕಡೆಯದೇ ವಾಸನೆ.

ಮರಗಳ ನಡುವೆ ಚೂಪು ಮಾಡಿನ ಒಂದು ಕಟ್ಟಡ. ಪ್ರವೇಶಕ್ಕೆ ಹಣವಿಲ್ಲ. ಒಳಗೆ ಹೆಜ್ಜೆ ಇಡುತ್ತಲೇ ಎದುರಿಗೆ ಬೋಟಿನ ಹೊಟ್ಟೆ! ಬೋಟೊಂದನ್ನು ನೀರಿನ ಮೇಲಿದ್ದಾಗ ನೋಡುವುದೇ ಬೇರೆ, ದಡಕ್ಕೆಳೆದು ನಿಲ್ಲಿಸಿದಾಗ ನೋಡುವುದೇ ಬೇರೆ. ಮಳೆಗಾಲದಲ್ಲಿ ನಮ್ಮೂರಿನ ಬೋಟುಗಳನ್ನು ಮೇಲೆಳೆದು ನಿಲ್ಲಿಸಿದಾಗ ಅವುಗಳ ಅಡಿಯಲ್ಲಿ ನುಸುಳಿ ಆಡಿ ಬೆಳೆದವಳು ನಾನು. ಇದರ ಹೆಸರು ದಾಯ್ಗೊ ಫುಕುರ್ಯು ಮಾರು. ಐದನೆಯ ಅದೃಷ್ಟದ ಡ್ರ್ಯಾಗನ್ ಎಂದು ಅರ್ಥ. 1947ರಲ್ಲಿ ಕಟ್ಟಿದ, 140 ಟನ್ನಿನ ಮರದ ಬೋಟು. ಹಲಗೆಗಳ ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಹಲಗೆ ಹಲಗೆ ಸೇರುವಲ್ಲಿ ಒಣಗಿ ಬಿರುಕು ಬಿಟ್ಟ ಗೀರುಗಳು. ಮೊಳೆ ಹೊಡೆದ ಕಡೆ ತುಕ್ಕು ಇಳಿದು ಕಂದು ಗೆರೆಗಳಾಗಿದ್ದವು. ಈ ಕೆಲಸ ನನಗೆ ಅಪರಿಚಿತವಾಗಿರಲಿಲ್ಲ. ಮೂತಿಯ ಬಳಿ ಹಲಗೆಯನ್ನು ಬಾಗಿಸಿದ ರೀತಿಯನ್ನು ಮಗನಿಗೆ ತೋರಿಸುತ್ತ ಐದು ನಿಮಿಷ ಅಲ್ಲೇ ನಿಂತೆ.

1954ರ ಮಾರ್ಚ್ 1ರ ಬೆಳಗಿನ ಜಾವ ಈ ಬೋಟು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಿಂದ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಟ್ಯೂನಾಕ್ಕೆ ಗಾಳ ಇಳಿಬಿಟ್ಟಿತ್ತು. 23 ಮಂದಿ ಇದ್ದರು. ಪಶ್ಚಿಮದ ಆಕಾಶ ಒಮ್ಮೆಲೇ ಬೆಳಗಿತು. ಪಡುವಣದಲ್ಲಿ ಸೂರ್ಯ ಹುಟ್ಟಿದ ಎಂದುಕೊಂಡರು. ಸುಮಾರು ಎಂಟು ನಿಮಿಷದ ಮೇಲೆ ಸದ್ದು ಬಂತು. ಅಮೆರಿಕ ಅಂದು ಸಿಡಿಸಿದ ಹೈಡ್ರೋಜನ್ ಬಾಂಬಿನ ಶಕ್ತಿ 15 ಮೆಗಾಟನ್, ಹಿರೋಶಿಮಾದ ಬಾಂಬಿನ ಸಾವಿರ ಪಟ್ಟು. ಸಿಡಿಸಿದವರೇ ಲೆಕ್ಕ ಹಾಕಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಕೆಲವು ಗಂಟೆಗಳಲ್ಲಿ ಬೋಟಿನ ಮೇಲೆ ಬಿಳಿ ಬೂದಿ ಉದುರತೊಡಗಿತು. ಸುಟ್ಟು ಪುಡಿಯಾದ ಹವಳ. ಅಟ್ಟದ ಮೇಲೆ ಹೆಜ್ಜೆ ಮೂಡುವಷ್ಟು ಬಿತ್ತು. ತಲೆಗೂದಲಿಗೆ, ಕಿವಿಗೆ, ಕುತ್ತಿಗೆಯ ಬೆವರಿಗೆ ಅಂಟಿಕೊಂಡಿತು.

“ಓಡಿಹೋಗಬಹುದಿತ್ತಲ್ಲ? ಯಾಕೆ ಓಡಲಿಲ್ಲ?” ಎಂದು ಮಗ ಕೇಳಿದ.

ನನಗೆ ಉತ್ತರ ಗೊತ್ತಿತ್ತು. ಹತ್ತಾರು ಕಿಲೋಮೀಟರ್ ಉದ್ದದ ಗಾಳದ ಹಗ್ಗ ನೀರಿನಲ್ಲಿತ್ತು. ಬೂದಿ ಉದುರುತ್ತಿದ್ದಂತೆಯೇ ಗಂಟೆಗಟ್ಟಲೆ ಅದನ್ನು ಮೇಲಕ್ಕೆಳೆದುಕೊಂಡರು. ಹಗ್ಗ ಬಿಟ್ಟು ಬಂದರೆ ಮುಂದಿನ ಸಲ ಸಮುದ್ರಕ್ಕೆ ಹೋಗುವುದು ಯಾವುದರಿಂದ? ಬಲೆಯನ್ನು ಕತ್ತರಿಸಿ ಬಿಟ್ಟು ಬಂದ ಬೋಟಿನವರು ವರ್ಷಗಟ್ಟಲೆ ಸಾಲ ತೀರಿಸಿದ್ದನ್ನು ನಾನು ಕಂಡಿದ್ದೇನೆ. ಇದನ್ನು ನನಗೆ ತಿಳಿದಂತೆ ಹೇಳಿದೆ. ಅವನು ತಲೆಯಾಡಿಸಿದ. ಪೂರ್ತಿ ಅರ್ಥವಾಗಿರಲಿಕ್ಕಿಲ್ಲ.

ಮಾರ್ಚ್ 14ಕ್ಕೆ ಅವರು ಯಾಯ್ಜು ಬಂದರಿಗೆ ಮರಳಿದಾಗ ಮುಖ ಕಪ್ಪಿಟ್ಟಿತ್ತು, ಕೂದಲು ಉದುರುತ್ತಿತ್ತು. ರೇಡಿಯೋ ನಿರ್ವಾಹಕ ಕುಬೊಯಾಮಾ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆಗ ಅವರಿಗೆ ನಲವತ್ತು ವರ್ಷ. ಪರಮಾಣು ಬಾಂಬಿಗೆ ಬಲಿಯಾದವರಲ್ಲಿ ನಾನೇ ಕೊನೆಯವನಾಗಲಿ ಎಂಬ ಅವರ ಮಾತನ್ನು ಹೊರಗಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ವರ್ಷ 800ಕ್ಕೂ ಹೆಚ್ಚು ಬೋಟುಗಳ ಮೀನಿನಲ್ಲಿ ವಿಕಿರಣ ಕಂಡು ಎಲ್ಲವನ್ನೂ ಎಸೆದರು. ಮಾರುಕಟ್ಟೆಯಲ್ಲಿ ಟ್ಯೂನಾ ಕೊಳ್ಳುವವರಿರಲಿಲ್ಲ. ರೈಲಿನ ಆ ಯುವತಿ ಆಡಿದ್ದು ಸಿನಿಮಾದ ಕಲ್ಪನೆಯಲ್ಲ, ಅಂದಿನ ಸುದ್ದಿ.

ಬೋಟು ಬಂದದ್ದು ಮಾರ್ಚ್, ಸಿನಿಮಾ ಬಂದದ್ದು ನವೆಂಬರ್. ನಡುವೆ ಎಂಟು ತಿಂಗಳೂ ಪೂರ್ತಿ ಇಲ್ಲ. ಇಂಡೊನೇಷ್ಯಾದಲ್ಲಿ ಮಾಡಬೇಕಿದ್ದ ಚಿತ್ರವೊಂದು ಮುರಿದುಬಿದ್ದು, ನಿರ್ಮಾಪಕ ತನಾಕಾ ತೊಮೊಯುಕಿ ವಿಮಾನದಲ್ಲಿ ಸಮುದ್ರ ನೋಡುತ್ತ ವಾಪಸ್ಸಾಗುವಾಗ ಈ ಕಥೆ ಹೊಳೆಯಿತಂತೆ. ನಿರ್ದೇಶಕ ಹೊಂಡಾ ಇಶಿರೊ ಯುದ್ಧದಿಂದ ಮರಳುವಾಗ ಹಿರೋಶಿಮಾದ ಅವಶೇಷಗಳನ್ನು ಕಣ್ಣಾರೆ ಕಂಡಿದ್ದವರು. ವಿಶೇಷ ದೃಶ್ಯಗಳ ತ್ಸುಬುರಾಯಾ ಎಯ್ಜಿ ಬಳಿ ಗೊಂಬೆಯನ್ನು ಚೌಕಟ್ಟು ಚೌಕಟ್ಟಾಗಿ ಅಲುಗಾಡಿಸಿ ಚಿತ್ರಿಸುವಷ್ಟು ಸಮಯವಿರಲಿಲ್ಲ. ಆದ್ದರಿಂದ ಸುಮಾರು ನೂರು ಕಿಲೋ ತೂಕದ ವೇಷವೊಂದನ್ನು ಹೊಲಿದು ಅದರೊಳಗೆ ನಕಾಜಿಮಾ ಹರುವೊ ಎಂಬ ನಟನನ್ನು ಇಳಿಸಿದರು. ಕರಾವಳಿಯವಳಾದ ನನಗೆ ಅದು ಚೆನ್ನಾಗಿ ತಿಳಿಯುತ್ತದೆ: ಯಕ್ಷಗಾನದಲ್ಲಿ ಬಣ್ಣದ ವೇಷದ ರಾಕ್ಷಸ ರಂಗಕ್ಕೆ ಬರುವಾಗಲೂ ಒಳಗೊಬ್ಬ ಬೆವರುತ್ತಿರುತ್ತಾನೆ. ಆ ಬೆವರೇ ಹೆಜ್ಜೆಗೆ ಭಾರ ಕೊಡುತ್ತದೆ. ಗೊಜಿರಾನ ಕೂಗು ಯಾವ ಪ್ರಾಣಿಯದ್ದೂ ಅಲ್ಲ. ಸಂಗೀತಗಾರ ಇಫುಕುಬೆ ಅಕಿರಾ ಅವರ ಉಪಾಯದಂತೆ, ರಾಳ ಬಳಿದ ತೊಗಲಿನ ಕೈಗವಸಿನಿಂದ ದೊಡ್ಡ ಪಿಟೀಲಿನಂಥ ಕಾಂಟ್ರಾಬಾಸ್ ವಾದ್ಯದ ತಂತಿಯನ್ನು ಉಜ್ಜಿ ತೆಗೆದ ಸದ್ದು.

ಮೈಯ ಚರ್ಮದ ವಿಷಯವನ್ನು ಮಾತ್ರ ನಾನು ಮಗನಿಗೆ ನಿಧಾನವಾಗಿ ಹೇಳಿದೆ. ಆ ಒರಟು ಗಂಟುಗಳು ಮೊಸಳೆಯವಲ್ಲ. ಬಾಂಬಿನಲ್ಲಿ ಸುಟ್ಟು ಉಳಿದವರ ಮೈಮೇಲೆ ಉಬ್ಬಿ ನಿಂತ ಕಲೆಗಳ ಹಾಗೆ ಮಾಡಿದ್ದು.

ಅವನು ಚೀಲದಿಂದ ತನ್ನ ಗೊಜಿರಾನನ್ನು ತೆಗೆದು ನೋಡಿದ. ಬೆರಳಿನಿಂದ ಎದೆಯ ಮೇಲೆ ಸವರಿದ. “ಹಾಗಾದರೆ ಇದಕ್ಕೂ ಬಾಂಬು ಬಿದ್ದಿತ್ತಾ?” ಎಂದ.

ಬಿದ್ದಿತ್ತು. ಎಪ್ಪತ್ತು ವರ್ಷಗಳಿಂದ ಜನ ಈ ಪ್ರಾಣಿಯನ್ನು ಬಿಡದೆ ನೋಡುವುದು ಇದಕ್ಕಾಗಿಯೇ ಎಂದು ನಾನು ಬಲವಾಗಿ ನಂಬುತ್ತೇನೆ. ಬಾಂಬೂ ಅದೇ, ಬಾಂಬಿಗೆ ಸುಟ್ಟವನೂ ಅದೇ. ಊರು ತುಳಿಯುವಾಗ ಹೆದರಿಕೆ, ಅದು ಬಿದ್ದಾಗ ಸಂಕಟ. ಬರಿಯ ದುಷ್ಟಪ್ರಾಣಿಯಾಗಿದ್ದರೆ ಒಂದೆರಡು ಸಿನಿಮಾಕ್ಕೆ ಮುಗಿದುಹೋಗುತ್ತಿತ್ತು. ನಡುವೆ ಅರವತ್ತರ ದಶಕದಲ್ಲಿ ಅದು ಮಕ್ಕಳ ಗೆಳೆಯನಾಗಿ ಇತರ ದೈತ್ಯರೊಡನೆ ಕುಸ್ತಿಯಾಡಿತು. ಆ ಚಿತ್ರಗಳನ್ನು ಮಗನೊಂದಿಗೆ ನೋಡಿದ್ದೇನೆ, ಅಷ್ಟೇನೂ ಹಿಡಿಸಲಿಲ್ಲ. ಆದರೂ 1971ರಲ್ಲಿ ಕಾರ್ಖಾನೆಯ ಹೊಲಸಿನಿಂದ ಹುಟ್ಟಿದ ಹೆದೊರಾ ಎಂಬ ಶತ್ರುವನ್ನು ಎದುರಿಗಿಟ್ಟಾಗ, ಜಪಾನಿನ ಊರುಗಳು ನಿಜವಾಗಿಯೂ ಹೊಗೆಯಲ್ಲಿ ಕೆಮ್ಮುತ್ತಿದ್ದವು. 2011ರ ಸುನಾಮಿ ಮತ್ತು ಫುಕುಶಿಮಾ ಸ್ಥಾವರದ ದುರಂತದ ನಂತರ 2016ರಲ್ಲಿ ಬಂದ ‘ಶಿನ್ ಗೊಜಿರಾ’ದಲ್ಲಿ ಪ್ರಾಣಿ ನದಿಯ ದೋಣಿಗಳನ್ನು ತಳ್ಳಿಕೊಂಡು ಊರೊಳಗೆ ಬರುವಾಗ ಅಧಿಕಾರಿಗಳು ಸಭೆಯ ಮೇಲೆ ಸಭೆ ನಡೆಸುತ್ತಿರುತ್ತಾರೆ. ಸುನಾಮಿಯ ನೀರನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಆ ದೋಣಿಗಳು ಏನೆಂದು ಹೇಳಬೇಕಾಗಿಲ್ಲ.

ಶಿನ್-ಕಿಬಾದಿಂದ ಯುರಾಕುಚೊ ಮಾರ್ಗದ ರೈಲು ಹಿಡಿದು ಗಿಂಜಾದ ಕಡೆಗೆ ಬಂದೆವು. ರಜೆಯಾದ್ದರಿಂದ ಮುಖ್ಯರಸ್ತೆಯಲ್ಲಿ ವಾಹನವಿಲ್ಲದೆ ಜನ ನಡುಬೀದಿಯಲ್ಲಿ ನಡೆಯುತ್ತಿದ್ದರು. ನಾಲ್ಕು ರಸ್ತೆ ಕೂಡುವಲ್ಲಿ ವಾಕೊ ಕಟ್ಟಡದ ಗಡಿಯಾರ. 1954ರ ಗೊಜಿರಾ ಅದು ಹನ್ನೊಂದು ಹೊಡೆಯುವಾಗ ಸಿಟ್ಟಿಗೆದ್ದು ಮುರಿದು ಹಾಕುತ್ತದೆ. ಮಗ ಆ ಗಡಿಯಾರವನ್ನು ನೋಡಿದ, ಕೈಯಲ್ಲಿದ್ದ ಗೊಂಬೆಯನ್ನು ನೋಡಿದ, ಏನೂ ಹೇಳದೆ ಗೊಂಬೆಯನ್ನು ಚೀಲದೊಳಗೆ ಇಟ್ಟ. ಅಲ್ಲಿಂದ ಹಿಬಿಯಾ ಹತ್ತಿರ. ಚಿತ್ರಮಂದಿರದ ಎದುರಿನ ಚೌಕದಲ್ಲಿ ಗೊಜಿರಾನ ಪ್ರತಿಮೆಯಿದೆ. ಅದರ ಸುತ್ತ ನನ್ನಪ್ಪನ ವಯಸ್ಸಿನ ಗಂಡಸರು, ಶಾಲೆಯ ಮಕ್ಕಳು, ಕೈಗೂಸಿನ ತಾಯಂದಿರು ಫೋಟೊ ತೆಗೆಸಿಕೊಳ್ಳುತ್ತಿದ್ದರು.

‘ಮೈನಸ್ ಒನ್’ ಯುದ್ಧ ಮುಗಿದ ದಿನಗಳ ಕಥೆ. ಸಾಯಲೆಂದು ಕಳಿಸಿದ ವಿಮಾನಚಾಲಕನೊಬ್ಬ ಸಾಯದೆ ಮರಳಿ ಬಂದು, ಹೊಟ್ಟೆಪಾಡಿಗೆ ಸಮುದ್ರದ ಸ್ಫೋಟಕಗಳನ್ನು ತೆಗೆಯುವ ಕೆಲಸಕ್ಕೆ ಸೇರುತ್ತಾನೆ. ಆ ಕೆಲಸಕ್ಕೆ ಕೊಡುವುದು ಒಂದು ಹಳೆಯ ಮರದ ಬೋಟು, ಏಕೆಂದರೆ ಕಬ್ಬಿಣವಾದರೆ ಸ್ಫೋಟಕದ ಅಯಸ್ಕಾಂತಕ್ಕೆ ತಿಳಿದುಬಿಡುತ್ತದೆ. ಆ ಬೋಟು ತೆರೆಯ ಮೇಲೆ ಬಂದಾಗ ಮಗ ನನ್ನ ತೋಳು ಹಿಡಿದುಕೊಂಡ. ಗೊಜಿರಾ ಬೆನ್ನಟ್ಟುವಾಗ ಆ ಹಲಗೆಗಳು ಕಿರುಗುಟ್ಟುವ ಸದ್ದನ್ನು ನಾನು ಎದೆಯೊಳಗೆ ಕೇಳಿದೆ. 35 ಕಲಾವಿದರ ಒಂದು ಚಿಕ್ಕ ತಂಡ ಮಾಡಿದ ದೃಶ್ಯಗಳಿವು. ಮುಂದಿನ ಮಾರ್ಚ್‌ನಲ್ಲಿ ಇದಕ್ಕೆ ಆಸ್ಕರ್ ಬಂದಾಗ ನಾವಿಬ್ಬರೂ ಮನೆಯಲ್ಲಿ ಕೂಗಿಕೊಂಡದ್ದು ಬೇರೆ ಮಾತು. ಕೊನೆಯಲ್ಲಿ ಗೊಜಿರಾ ನೀರಿಗೆ ಕುಸಿಯುವಾಗ ಹಡಗಿನ ಮೇಲಿನವರೆಲ್ಲ ಅದಕ್ಕೆ ಸೆಲ್ಯೂಟ್ ಮಾಡುತ್ತಾರೆ. ಕತ್ತಲೆಯಲ್ಲಿ ಮಗನ ಕೈಯೂ ಹಣೆಗೆ ಹೋಗಿತ್ತು. ಹೆಸರುಗಳೆಲ್ಲ ಮುಗಿದು ದೀಪ ಹತ್ತುವವರೆಗೂ ಯಾರೂ ಎದ್ದಿರಲಿಲ್ಲ.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಆಗ ಐದೂವರೆ. ಅವರು ಮನೆಯ ಮುಂದಿನ ದಂಡೆಯಲ್ಲಿ ಕುಳಿತಿದ್ದರು. ಬೆನ್ನ ಹಿಂದೆ ಸೂರ್ಯ ಸಮುದ್ರಕ್ಕೆ ಇಳಿಯುತ್ತಿದ್ದ. ಅಪ್ಪ ಬೋಟು ಬಿಟ್ಟು ಎಂಟು ವರ್ಷವಾಗಿದೆ, ಮಂಡಿ ನೋವು.

ಮಗ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಗೊಜಿರಾ, ಬಾಂಬು, ಬಿಳಿ ಬೂದಿ, ಯಾರೂ ಕೊಳ್ಳದ ಮೀನು, ಮರದ ಬೋಟು. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಆ ಸಿನಿಮಾವನ್ನು ಅವರು ನೋಡಿಲ್ಲ, ಆ ಪ್ರಾಣಿಯ ಹೆಸರನ್ನೂ ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ.

“ಬೂದಿ ಬೀಳುವಾಗ ಗಾಳ ನೀರಲ್ಲೇ ಇತ್ತೇನೋ?” ಎಂದು ಕೇಳಿದರು.

“ಹೌದು ಅಜ್ಜ.”

“ಎಳೆದುಕೊಂಡೇ ಬಂದರು ತಾನೇ?”

“ಎಳೆದುಕೊಂಡೇ ಬಂದರು ಅಜ್ಜ. ಪೂರ್ತಿ.”

“ಹ್ಞೂ” ಎಂದು ಅಪ್ಪ ಸಮುದ್ರದ ಕಡೆಗೆ ತಿರುಗಿದರು.