‘ನನ್ನ ತೆರಿಗೆ ನನ್ನ ಹಕ್ಕು’: ನೀವು ಯಾವ ಕಡೆ?

“ಅಣ್ಣ, ನೀವು ದೆಲ್ಲಿ ಕಡೆಯೋ, ಬೆಂಗಳೂರು ಕಡೆಯೋ?”

ಮಂಡ್ಯದಲ್ಲಿ ದಿನಸಿ ಅಂಗಡಿಯ ಜೊತೆಗೆ ಪೇಪರ್ ಓದುವ ಚಟವನ್ನೂ ಇಟ್ಟುಕೊಂಡವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಮಂತ್ರಿಗಳು, ಶಾಸಕರ ಸಮೇತ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತು ‘ನನ್ನ ತೆರಿಗೆ ನನ್ನ ಹಕ್ಕು’ ಎಂದಾಗಿನಿಂದ ಅದು ಇನ್ನೂ ಜೋರಾಗಿದೆ. ಕೇಳುವವರಿಗೆ ಬೇಕಿರುವುದು ಒಂದು ಪಾರ್ಟಿಯ ಹೆಸರು. ಗಿರಾಕಿ ಕೈಚೀಲ ಹಿಡಿದು ನಿಂತಿರುವಾಗ ಇದಕ್ಕೆಲ್ಲ ಸರಿಯಾಗಿ ಉತ್ತರ ಹೇಳಲಾಗುವುದಿಲ್ಲ. ಇಲ್ಲಿ ಬರೆದುಬಿಡುತ್ತೇನೆ.

ಮೊದಲಿಗೆ, ಕೇಂದ್ರದ ತೆರಿಗೆಯಲ್ಲಿ ಕರ್ನಾಟಕಕ್ಕೆ ನ್ಯಾಯವಾದ ಪಾಲು ಸಿಗುತ್ತಿಲ್ಲ ಅನ್ನುವ ದೂರು ಸುಳ್ಳಲ್ಲ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ (ಯಾರಿಗೆ ಎಷ್ಟು ಹಂಚಬೇಕೆಂದು ಶಿಫಾರಸು ಮಾಡುವ ಆಯೋಗ) ಕಾಲದಲ್ಲಿ ಶೇ 4.713 ಇತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಹಿಂದಿನ ಆಯೋಗ 1971ರ ಜನಗಣತಿಗೂ ಸ್ವಲ್ಪ ಬೆಲೆ ಕೊಟ್ಟಿತ್ತು. ಈ ಆಯೋಗ 2011ರದನ್ನು ಮಾತ್ರ ಹಿಡಿಯಿತು, ಅದರಿಂದ ಜನಸಂಖ್ಯೆ ಹೆಚ್ಚು ಬೆಳೆದ ರಾಜ್ಯಗಳಿಗೆ ಅನುಕೂಲವಾಯಿತು. ‘ಎರಡೇ ಮಕ್ಕಳು ಸಾಕು’ ಎಂದ ಮಾತನ್ನು ಕೇಳಿದ ರಾಜ್ಯಗಳಿಗೆ ಸಮಾಧಾನಕ್ಕೆಂದು ಹಂಚಿಕೆಯ ಸೂತ್ರದಲ್ಲಿ ಶೇ 12.5ರಷ್ಟು ತೂಕ ಇಟ್ಟಿತಾದರೂ, ತಲಾ ಆದಾಯ ಕಡಿಮೆ ಇರುವ ರಾಜ್ಯಗಳಿಗೆ ಇಟ್ಟ ತೂಕ ಶೇ 45. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳವನ್ನೂ ಮಳವಳ್ಳಿಯ ಕೂಲಿಯನ್ನೂ ಒಟ್ಟಿಗೆ ಕೂಡಿಸಿ ತಲೆಗಿಷ್ಟು ಅಂತ ಭಾಗಿಸಿದರೆ, ಕಾಗದದ ಮೇಲೆ ಮಳವಳ್ಳಿಯವರೂ ಶ್ರೀಮಂತರೇ.

ಆದರೆ ‘ನಾವು 100 ರೂಪಾಯಿ ಕೊಟ್ಟರೆ 12–13 ರೂಪಾಯಿ ವಾಪಸ್ ಬರುತ್ತದೆ’ ಅನ್ನುವ ಲೆಕ್ಕ ನನ್ನ ತಲೆಗೆ ಇಳಿಯುವುದಿಲ್ಲ. ಮುಂಬೈನಲ್ಲಿ ಕಚೇರಿ ಇರುವ ಕಂಪನಿಯ ಸೋಪನ್ನು ನಾನು ಮಂಡ್ಯದಲ್ಲಿ ಮಾರುತ್ತೇನೆ. ಅದರ ಲಾಭದ ಮೇಲಿನ ತೆರಿಗೆ ಮುಂಬೈ ಲೆಕ್ಕಕ್ಕೆ ಬೀಳುತ್ತದೆ. ಹಾಗೇ ದೇಶವೆಲ್ಲ ವ್ಯಾಪಾರ ಮಾಡುವ ಬೆಂಗಳೂರಿನ ಕಂಪನಿಯ ತೆರಿಗೆ ಬೆಂಗಳೂರಿನ ಲೆಕ್ಕಕ್ಕೆ. ಅಷ್ಟೂ ಕನ್ನಡಿಗರ ಜೇಬಿನದು ಅಂದರೆ ಹೇಗೆ? ಇನ್ನು ಸೈನ್ಯ, ರೈಲು, ಗೊಬ್ಬರದ ಸಬ್ಸಿಡಿ ಇವೆಲ್ಲ ನಡೆಯುವುದೂ ಅದೇ ದುಡ್ಡಿನಲ್ಲಿ. ಯೂರಿಯಾ ಚೀಲ ಹೊತ್ತುಕೊಂಡು ಹೋಗುವಾಗ ಇದು ನೆನಪಿಗೆ ಬರುವುದಿಲ್ಲ, ನಿಜ.

ಅದಕ್ಕಿಂತ ಹೆಚ್ಚಾಗಿ, ಮಂಡ್ಯದವನಾಗಿ ಆ ಘೋಷಣೆಯನ್ನು ಕೂಗಲು ನನಗೆ ಸಂಕೋಚ. ಕನ್ನಂಬಾಡಿ ಕಟ್ಟುವ ಕೆಲಸ ಶುರುವಾದದ್ದು 1911ರಲ್ಲಿ. ಆಮೇಲೆ ಇರ್ವಿನ್ ನಾಲೆ ಬಂತು, ಅದೇ ಈಗ ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಅದಕ್ಕೆ ಮೊದಲು ಇಲ್ಲಿನ ಬಹುಪಾಲು ಹೊಲ ಮಳೆ ನಂಬಿದ ರಾಗಿ, ಹುರುಳಿಯ ಹೊಲ. ಆ ಅಣೆಕಟ್ಟೆ, ಆ ನಾಲೆ, ಹುಲಿಕೆರೆಯ ಸುರಂಗ ಯಾವುದನ್ನೂ ಮಂಡ್ಯದವರ ಕಂದಾಯದಿಂದ ಕಟ್ಟಲಿಲ್ಲ. ಇಡೀ ಮೈಸೂರು ಸಂಸ್ಥಾನದ ಬೊಕ್ಕಸದಿಂದ ಕಟ್ಟಿದರು. ಕೋಲಾರದ ಚಿನ್ನದ ಗಣಿಯ ರಾಜಧನ ಆ ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದು. ಅಲ್ಲಿನ ಜನ ಆಗ ‘ನಮ್ಮ ಚಿನ್ನ ನಮ್ಮ ಹಕ್ಕು’ ಅಂದಿದ್ದರೆ ನಮ್ಮ ಕಬ್ಬಿನ ಗದ್ದೆ ಎಲ್ಲಿರುತ್ತಿತ್ತು? ಕೋಲಾರಕ್ಕೆ ಇವತ್ತಿಗೂ ಒಂದು ನದಿ ನಾಲೆ ಇಲ್ಲ. 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು. ಉಳ್ಳ ಕಡೆಯಿಂದ ಇಲ್ಲದ ಕಡೆಗೆ ದುಡ್ಡು ಹೋಗುವುದು ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಬಿಹಾರದ ಹಳ್ಳಿಗೆ ಒಂದು ಶಾಲೆ ಆಗುವುದಾದರೆ ಆಗಲಿ.

ನನ್ನ ತಕರಾರು ಬೇರೆ ಜಾಗದಲ್ಲಿದೆ. ಹಂಚುವ ರೀತಿಯ ಬಗ್ಗೆ ಇಷ್ಟೆಲ್ಲ ಕೂಗಾಡುತ್ತೇವೆ, ಹಂಚುವುದಕ್ಕೇ ಬಾರದ ದುಡ್ಡಿನ ಬಗ್ಗೆ ಬಾಯಿ ಬಿಡುವುದು ಕಡಿಮೆ. ಸೆಸ್ (ಒಂದು ಉದ್ದೇಶಕ್ಕೆಂದು ಹಾಕುವ ತೆರಿಗೆ), ಸರ್‌ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಅನ್ನುವ ಹೆಸರಿನಲ್ಲಿ ವಸೂಲಾದದ್ದನ್ನು ಕೇಂದ್ರ ರಾಜ್ಯಗಳ ಜೊತೆ ಹಂಚಬೇಕಾಗಿಲ್ಲ. 2000ದ 80ನೇ ತಿದ್ದುಪಡಿಯ ನಂತರ ಸಂವಿಧಾನದ 270ನೇ ವಿಧಿಯೇ ಹಾಗೆ ಹೇಳುತ್ತದೆ. ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬಿನ ಹತ್ತಿರ ಸರದಿಗೆ ಜಗಳ ನಡೆಯುತ್ತಿರುವಾಗಲೇ, ಮೇಲೆ ಯಾರೋ ನಾಲೆಗೆ ಮೋಟಾರು ಇಟ್ಟು ನೀರು ಎತ್ತಿಕೊಂಡಿರುತ್ತಾರೆ.

ಪೆಟ್ರೋಲನ್ನೇ ತೆಗೆದುಕೊಳ್ಳಿ. 2022ರ ಮೇ ತಿಂಗಳಲ್ಲಿ ಇಳಿಸಿದ ಮೇಲೂ ಲೀಟರಿಗೆ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಹಂಚಿಕೆಗೆ ಬರುವ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದ 18 ರೂಪಾಯಿ 50 ಪೈಸೆಗೆ ರಸ್ತೆಯ ಹೆಸರು, ಕೃಷಿಯ ಹೆಸರು, ವಿಶೇಷ ಹೆಚ್ಚುವರಿ ಸುಂಕ ಅನ್ನುವ ಹೆಸರು. ಆ 1 ರೂಪಾಯಿ 40 ಪೈಸೆಯಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಶೇ 41, ಅಂದರೆ 57 ಪೈಸೆ. ಅದರಲ್ಲಿ ಕರ್ನಾಟಕಕ್ಕೆ ಶೇ 3.647 ಅಂದರೆ ಎರಡು ಪೈಸೆ! ಹಳೆಯ 4.713 ಉಳಿದಿದ್ದರೂ ಮೂರು ಪೈಸೆ ಮುಟ್ಟುತ್ತಿರಲಿಲ್ಲ. ಒಂದು ಪೈಸೆಯೂ ತುಂಬದ ವ್ಯತ್ಯಾಸಕ್ಕೆ ಉತ್ತರ, ದಕ್ಷಿಣ ಅಂತ ಕಿತ್ತಾಡುತ್ತಿದ್ದೇವೆ. ಹದಿನೆಂಟೂವರೆ ರೂಪಾಯಿಯ ಮಾತು ಬಿಹಾರಕ್ಕೂ ಇಲ್ಲ, ನಮಗೂ ಇಲ್ಲ.

ಆ ದುಡ್ಡು ಕಳೆದುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ರಸ್ತೆಗಳಾಗಿವೆ, ಕಣ್ಣಾರೆ ಕಂಡಿದ್ದೇವೆ. 2023ರ ಮಾರ್ಚ್ 12ರಂದು ಪ್ರಧಾನಿ ನಮ್ಮ ಜಿಲ್ಲೆಯ ಗೆಜ್ಜಲಗೆರೆಗೇ ಬಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟಿಸಿ ಹೋದರು. (ಟೋಲ್ ಬೇರೆ ಕಟ್ಟುತ್ತೇವೆ, ಅದಿರಲಿ.) ಆದರೆ ಎಲ್ಲಿ ರಸ್ತೆ, ಯಾವ ರಾಜ್ಯಕ್ಕೆ ಎಷ್ಟು ಅನ್ನುವುದು ಆಗ ದೆಹಲಿಯ ಮರ್ಜಿ. ಪಾಲಾಗಿ ಬಂದರೆ ಹಕ್ಕು, ಯೋಜನೆಯಾಗಿ ಬಂದರೆ ಉಪಕಾರ. ಉಪಕಾರದ ಜೊತೆಗೆ ಒಂದು ಫೋಟೊವೂ ಬರುತ್ತದೆ.

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವಂತಿಲ್ಲ. ಶೇ 2ರ ಶಿಕ್ಷಣ ಸೆಸ್ ತಂದದ್ದು 2004ರಲ್ಲಿ ಯುಪಿಎ ಸರ್ಕಾರ. 2018ರಲ್ಲಿ ಆರೋಗ್ಯವನ್ನೂ ಸೇರಿಸಿ ಶೇ 4 ಮಾಡಿದ್ದು ಎನ್‌ಡಿಎ. ಹಾಗೆಯೇ ಈಗಿನ ಕೇಂದ್ರ ಸರ್ಕಾರ ಮಾಡಿದ ಒಳ್ಳೆಯದನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಇನ್‌ಕಮ್ ಟ್ಯಾಕ್ಸ್ ಕಟ್ಟುವವರು ಮಾತ್ರ ತೆರಿಗೆದಾರರು, ಮಿಕ್ಕವರೆಲ್ಲ ಬಿಟ್ಟಿ ತಿನ್ನುವವರು ಅನ್ನುವವರು ಒಂದು ದಿನ ನನ್ನ ಅಂಗಡಿಯ ಬಿಲ್‌ಗಳನ್ನು ನೋಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆದುಕೊಂಡ ಹೆಂಗಸು ಅದೇ ವಾರ ನನ್ನ ಗಲ್ಲಾದ ಮೂಲಕ ಎರಡೂ ಸರ್ಕಾರಕ್ಕೆ ತೆರಿಗೆ ಕಟ್ಟಿ ಹೋಗುತ್ತಾಳೆ.

ಇಷ್ಟು ಹೇಳಿದ ಮೇಲೆ “ಹಂಗಾರೆ ನೀವು ಸಿದ್ದರಾಮಯ್ಯನವರ ಕಡೆ ಬುಡಣ್ಣ” ಅನ್ನುತ್ತಾರೆ. ಅದೂ ಅಲ್ಲ. 2024ರ ಜೂನ್‌ನಲ್ಲಿ ಇದೇ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಏರಿಸಲಿ, ಖರ್ಚಿಗೆ ಬೇಕು. ಬಂದದ್ದರಲ್ಲಿ ಕೆಳಗಿನವರಿಗೆ ಎಷ್ಟು ಕೊಟ್ಟಿತು? ಕೇಂದ್ರ, ರಾಜ್ಯದ ನಡುವೆ ಹಣಕಾಸು ಆಯೋಗ ಇರುವಂತೆ ರಾಜ್ಯ, ಪಂಚಾಯಿತಿಗಳ ನಡುವೆಯೂ ಒಂದು ಆಯೋಗ ಇರಬೇಕೆಂದು ಸಂವಿಧಾನದ 243-ಐ ವಿಧಿಯಲ್ಲಿ ಬರೆದಿದೆ. ದೆಹಲಿಯಲ್ಲಿ ಧರಣಿ ಕೂತು ಕೇಳಿದ ಪ್ರಶ್ನೆಯನ್ನೇ ನಮ್ಮ ಜಿಲ್ಲಾ ಪಂಚಾಯಿತಿ ಬೆಂಗಳೂರಿಗೆ ಹೋಗಿ ಕೇಳಬಹುದಿತ್ತು. ಆದರೆ ಅದರ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಸರ್ಕಾರ ಬದಲಾಯಿತು, ವರ್ಷಗಳು ಉರುಳಿದವು, ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಧರಣಿ ಕೂರಲು ಸದಸ್ಯರಾದರೂ ಇರಬೇಕಲ್ಲ!