ಮಾಡೆಲ್ ಓಡಿಸುವ ಮೊದಲು ಫಾರ್ಮುಲಾವನ್ನು ಬಿಡಿಸಿ ನೋಡಿ

ಅಂಕಿಅಂಶ ವಿಶ್ಲೇಷಣೆಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫಂಕ್ಷನ್‌ಗಳನ್ನು ಬರೆದು ತಂಡದ ಇತರ ವಿಶ್ಲೇಷಕರಿಗೆ ಕೊಡುವುದು ನನ್ನ ಕೆಲಸ. ಅವರು ಬರೆದುಕೊಡುವ ಫಾರ್ಮುಲಾ (ಯಾವ ಚರವನ್ನು ಯಾವ ಚರಗಳಿಂದ ಅಂದಾಜಿಸಬೇಕೆಂದು ಮಾಡೆಲ್‌ಗೆ ಹೇಳುವ ಸಾಲು) ಸರಿಯಾಗಿದೆಯೇ ಎಂಬುದನ್ನು ಮಾಡೆಲ್ ಓಡುವ ಮೊದಲೇ ಪರೀಕ್ಷಿಸಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ: ತಪ್ಪು ಫಾರ್ಮುಲಾ ಬಹಳ ಸಲ ಯಾವ ಎರರ್ ಅನ್ನೂ ಕೊಡದೆ ಓಡಿಬಿಡುತ್ತದೆ.

ಒಮ್ಮೆ ಪರಿಶೀಲನೆಗೆ ಬಂದ ಕೋಡ್‌ನಲ್ಲಿ 'ವೆಚ್ಚ ~ ವಯಸ್ಸು + ವಯಸ್ಸು^2' ಎಂದಿತ್ತು. ~ ಚಿಹ್ನೆಯ ಎಡಗಡೆ ಇರುವುದು ಅಂದಾಜಿಸಬೇಕಾದ ಚರ, ಬಲಗಡೆ ಇರುವುದು ಅದಕ್ಕೆ ಬಳಸುವ ಚರಗಳು. ವಯಸ್ಸಿನ ವರ್ಗವೂ (ವಯಸ್ಸು × ವಯಸ್ಸು) ಮಾಡೆಲ್‌ನಲ್ಲಿ ಇರಲಿ ಎಂಬುದು ಬರೆದವರ ಉದ್ದೇಶ. ಆದರೆ ಫಾರ್ಮುಲಾದೊಳಗೆ ^ ಚಿಹ್ನೆಗೆ ಗಣಿತದ ಘಾತದ ಅರ್ಥವಿಲ್ಲ. ಎಷ್ಟು ಚರಗಳವರೆಗಿನ ಇಂಟರಾಕ್ಷನ್ (ಒಂದು ಚರದ ಪರಿಣಾಮ ಇನ್ನೊಂದನ್ನು ಅವಲಂಬಿಸುವುದು) ಬೇಕೆಂದು ಅದು ಹೇಳುತ್ತದೆ. ಒಂದೇ ಚರವಿದ್ದಾಗ ತನ್ನೊಂದಿಗೆ ತನ್ನದೇ ಇಂಟರಾಕ್ಷನ್ ಎಂಬುದಿಲ್ಲವಾದ್ದರಿಂದ ಅಲ್ಲಿ ಉಳಿಯುವುದು ವಯಸ್ಸು ಮಾತ್ರ. ಫಾರ್ಮುಲಾವನ್ನು ಬಿಡಿಸಿ ತೋರಿಸುವ 'ಟರ್ಮ್ಸ್' ಫಂಕ್ಷನ್‌ಗೆ ಅದನ್ನು ಕೊಟ್ಟು, ಬಂದ ಉತ್ತರದಲ್ಲಿ 'ಟರ್ಮ್ ಲೇಬಲ್ಸ್' ಎಂಬ ಹೆಸರುಗಳ ಪಟ್ಟಿ ನೋಡಿದರೆ ಒಂದೇ ಹೆಸರು ಕಾಣುತ್ತದೆ. ವರ್ಗವೇ ಬೇಕಿದ್ದರೆ ಅದನ್ನು ದೊಡ್ಡಕ್ಷರದ ಐ ಫಂಕ್ಷನ್‌ನ ಆವರಣದೊಳಗೆ ಬರೆಯಬೇಕು.

ಫಾರ್ಮುಲಾವನ್ನು ಪಠ್ಯವಾಗಿ ಬದಲಿಸಿ, ಅದರಲ್ಲಿ ಗುಣಾಕಾರ ಚಿಹ್ನೆಯನ್ನೋ ಚರದ ಹೆಸರನ್ನೋ ಹುಡುಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹೀಗೆ ಪಠ್ಯವಾಗಿ ಬದಲಿಸುವ 'ಡಿಪಾರ್ಸ್' ಫಂಕ್ಷನ್ ಉದ್ದದ ಫಾರ್ಮುಲಾವನ್ನು ಹಲವು ತುಣುಕುಗಳಾಗಿ ಒಡೆದು ಕೊಡುತ್ತದೆ. ಆ ತುಣುಕುಗಳ ಮೇಲಿನ ಹುಡುಕಾಟವನ್ನು ನೇರವಾಗಿ 'ಇಫ್' ಷರತ್ತಿನಲ್ಲಿಟ್ಟರೆ, ಒಂದರ ಬದಲು ಹಲವು ಉತ್ತರಗಳು ಬರುವುದರಿಂದ ಆರ್ 4.2.0 ಆವೃತ್ತಿಯಿಂದೀಚೆಗೆ ಎರರ್ ಬರುತ್ತದೆ. ಅಲ್ಲದೆ 'ಎ*ಬಿ' ಎಂದು ಬರೆದರೂ 'ಎ + ಬಿ + ಎ:ಬಿ' ಎಂದು ಬಿಡಿಸಿ ಬರೆದರೂ ಮಾಡೆಲ್ ಒಂದೇ ಆಗಿರುವುದರಿಂದ, ಚಿಹ್ನೆ ಹುಡುಕುವವರಿಗೆ ಎರಡನೆಯದು ತಪ್ಪಿಹೋಗುತ್ತದೆ. 'ಟರ್ಮ್ಸ್' ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ: ಅದರ 'ಆರ್ಡರ್' ಗುಣದಲ್ಲಿ 1 ಇದ್ದರೆ ಒಂಟಿ ಚರ, 2 ಇದ್ದರೆ ಎರಡು ಚರಗಳ ಇಂಟರಾಕ್ಷನ್, 'ಇಂಟರ್ಸೆಪ್ಟ್' 0 ಆಗಿದ್ದರೆ ಯಾರೋ ಸ್ಥಿರಾಂಕವನ್ನು ತೆಗೆದಿದ್ದಾರೆ, 'ರೆಸ್ಪಾನ್ಸ್' 0 ಆಗಿದ್ದರೆ ~ ಚಿಹ್ನೆಯ ಎಡಗಡೆ ಖಾಲಿಯಿದೆ. ಎಡಗಡೆ ಇದೆಯೇ ಎಂದಷ್ಟೇ ತಿಳಿಯಬೇಕಿದ್ದರೆ ಫಾರ್ಮುಲಾದ 'ಲೆಂಗ್ತ್' ಸಾಕು: ಇದ್ದರೆ 3, ಇಲ್ಲದಿದ್ದರೆ 2.

ಚುಕ್ಕಿ ಬಳಸಿದ ಫಾರ್ಮುಲಾಗಳಲ್ಲಿ ಹೆಚ್ಚಿನ ಎಚ್ಚರ ಬೇಕು. 'ವೆಚ್ಚ ~ .' ಎಂದರೆ ಉಳಿದೆಲ್ಲ ಕಾಲಂಗಳೂ ಬರಲಿ ಎಂದರ್ಥ. ಅವು ಯಾವುವೆಂದು ಫಾರ್ಮುಲಾಕ್ಕೆ ತಾನಾಗಿ ತಿಳಿಯದ ಕಾರಣ, ಡೇಟಾವನ್ನು ಜೊತೆಗೆ ಕೊಡದಿದ್ದರೆ 'ಟರ್ಮ್ಸ್' ಎರರ್ ಕೊಡುತ್ತದೆ. ಕೊಟ್ಟಾಗ ಬರುವ ಹೆಸರುಗಳ ಪಟ್ಟಿಯನ್ನು ನಾನು ಪೂರ್ತಿ ಓದುತ್ತೇನೆ, ಏಕೆಂದರೆ ದಾಖಲೆಯ ಕ್ರಮಸಂಖ್ಯೆಯಂಥ ಕಾಲಂ ಮಾಡೆಲ್‌ನೊಳಗೆ ನುಸುಳುವುದು ಈ ದಾರಿಯಲ್ಲೇ. ಪಠ್ಯವಾಗಿ ಓದಿಕೊಂಡ ಸಂಖ್ಯೆಗಳ ಕಾಲಂ ಮಾತ್ರ ಇಲ್ಲಿ ಪತ್ತೆಯಾಗುವುದಿಲ್ಲ. ಪಠ್ಯದ ಬೇರೆಬೇರೆ ಮೌಲ್ಯಗಳಿಗೆ ಪ್ರತ್ಯೇಕ ಕಾಲಂಗಳಾಗುವುದರಿಂದ, ಅದಕ್ಕೆ 'ಮಾಡೆಲ್ ಮ್ಯಾಟ್ರಿಕ್ಸ್' (ಮಾಡೆಲ್ ಲೆಕ್ಕಕ್ಕೆ ಬಳಸುವ ಸಂಖ್ಯೆಗಳ ಕೋಷ್ಟಕ) ಕಟ್ಟಿ, ಒಂದೇ ಚರಕ್ಕೆ ಹತ್ತಾರು ಕಾಲಂಗಳು ಹುಟ್ಟಿಕೊಂಡಿವೆಯೇ ಎಂದು ನೋಡಬೇಕು.