ಚಂದ್ರವಳ್ಳಿ ದಾರಿಯ ಗಿಡಗಳು

ಕಾಲೇಜಿನ ಹುಡುಗಿಯರ ಕ್ರಾಸ್ ಕಂಟ್ರಿ ತಂಡದಲ್ಲಿ ನಾನಿದ್ದೆ. ಚಿತ್ರದುರ್ಗದಲ್ಲಿ ಓಡುವವರಿಗೆ ದಾರಿಗಳ ಬರವಿಲ್ಲ. ವಾರದ ದಿನಗಳಲ್ಲಿ ಚಂದ್ರವಳ್ಳಿ ಕೆರೆ, ಭಾನುವಾರ ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಯ ಏರು. ಆ ಏರಿನಲ್ಲಿ ಏದುಸಿರು ಬಂದಾಗ ಎಲ್ಲರೂ ನಡೆಯುತ್ತಿದ್ದೆವು. ನಡೆಯುವಾಗ ಕಣ್ಣು ದಾರಿಯ ಪಕ್ಕದ ಗಿಡಗಳ ಮೇಲೆ ಹೋಗುತ್ತಿತ್ತು.

ಬಾಟನಿ ಮೇಡಂಗೆ ಈ ವಿಷಯ ಗೊತ್ತಾಯಿತು. "ಹರ್ಬೇರಿಯಂಗೆ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ ಅಂತ ನಾವು ವರ್ಷಕ್ಕೊಂದು ಸಲ ಕಾಡಿಗೆ ಹೋಗ್ತೀವಿ. ನೀನು ದಿನಾ ಅದೇ ದಾರೀಲಿ ಹೋಗ್ತೀಯಲ್ಲಮ್ಮ, ಯಾವ ಗಿಡ ಯಾವಾಗ ಹೂ ಬಿಡುತ್ತೆ ಬರೆದಿಡು" ಎಂದರು. ಅವತ್ತಿನಿಂದ ಒಂದು ನೋಟ್‌ಬುಕ್ ಶುರುವಾಯಿತು.

ಮೊದಲು ಬರೆದದ್ದು ತಂಗಡಿ. ನಮ್ಮ ಕಡೆ ಅದಿಲ್ಲದ ದಿಬ್ಬವೇ ಇಲ್ಲ, ಆದ್ದರಿಂದ ಯಾರೂ ನಿಂತು ನೋಡುವುದಿಲ್ಲ. ಮೇಡಂ ನಿಂತು ಕೇಳು ಎಂದರು. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಅಡಗಿರುತ್ತದೆ. ದೊಡ್ಡ ಕಪ್ಪು ದುಂಬಿ ಹೂವನ್ನು ಅಪ್ಪಿಕೊಂಡು ಮೈ ನಡುಗಿಸುತ್ತದೆ, ಆಗ ಪರಾಗ ಉದುರುತ್ತದೆ. ಹಾರುವಾಗಿನ ಸದ್ದೇ ಬೇರೆ, ಹೂವಿನ ಮೇಲೆ ಕೂತಾಗಿನ ಝೇಂಕಾರವೇ ಬೇರೆ. ನೀವೂ ಒಂದು ಸಲ ಕೇಳಿ ನೋಡಿ.

ಮಯೂರಶರ್ಮನ ಶಾಸನವಿರುವ ಬಂಡೆಯ ಆಸುಪಾಸಿನಲ್ಲಿ ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತಿತ್ತು. ಉಗುರಿನಷ್ಟು ಸಣ್ಣ ನೀಲಿ ಹೂ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಶಾಸನ ನೋಡಲು ತಡವಾಗಿ ಬರುವವರಿಗೆ ಅದು ಕಾಣುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟದ ಹೂ ಅದೇ.

ಮಳೆ ಹಿಡಿದರೆ ಬೇಲಿಯ ಮೇಲೆ ಅಗ್ನಿಶಿಖೆ. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಅದು ಮೇಲೇರುತ್ತದೆ. ಗಡ್ಡೆ ಕಡು ವಿಷ, ಕಿತ್ತು ಆಡಬಾರದು. ದೀಪಾವಳಿಯ ಹೊತ್ತಿಗೆ ಅಣ್ಣೆ ಹೂ, ಉತ್ತರಾಣಿ. ಆ ವಾರ ಓಟ ಮುಗಿಸಿ ಬರುವಾಗ ಎಲ್ಲರ ಕೈಯಲ್ಲೂ ಒಂದೊಂದು ಹಿಡಿ ಇರುತ್ತಿತ್ತು, ಮನೆಯಲ್ಲಿ ಅಮ್ಮ ಹಬ್ಬಕ್ಕೆ ಸಗಣಿಯಲ್ಲಿ ಮಾಡಿದ ಗೊಂಬೆ ಹಟ್ಟೆವ್ವನಿಗೆ ಸಿಕ್ಕಿಸಲು ಕಾಯುತ್ತಿದ್ದರು. ಚಳಿ ಕಳೆದರೆ ಎಲೆಯೇ ಇಲ್ಲದ ಮುತ್ತುಗದ ತುಂಬ ಕೆಂಪು, ಆಮೇಲೆ ಕಕ್ಕೆ.

ಹೋದ ವರ್ಷ ಆ ದಾರಿಯಲ್ಲಿ ಮತ್ತೆ ಓಡಿದೆ. ತುಂಬೆ ಇದ್ದ ಕಡೆಯೆಲ್ಲ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ. ನನಗೆ ತುಂಬಾ ಬೇಜಾರಾಯಿತು. ಈಗ ಅಲ್ಲಿ ಓಡುವ ತಂಗಿ-ತಮ್ಮಂದಿರು ಮಳೆ ಬಂದ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಅದನ್ನು ಬೇರು ಸಮೇತ ಕೀಳಬಹುದು. ಹೂ ಬಿಡುವ ಮೊದಲೇ ಕೀಳಬೇಕು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಮೈ ತುರಿಸುತ್ತದೆ.